ಮರಳಿನ ಹೆಪ್ಪು

ಗುಮ್ಮಟ ಎಂಬತ್ತೊಂಬತ್ತು ಮುಟ್ಟಿದ ಬೆಳಿಗ್ಗೆ ಹುಲಿಗೆವ್ವ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಫೋನು ಹಿಡಿದುಕೊಂಡೇ ಧಾರವಾಡಕ್ಕೆ ಸುದ್ದಿ ಹೇಳಿದಳು.

"ಎಂಬತ್ತೊಂಬತ್ತಾ? ನಿನ್ನೆ ಎಂಬತ್ತೈದಿತ್ತಲ್ರೀ," ಎಂದ ಆ ಕಡೆಯಿಂದ ನದಾಫ್. ಪ್ರಯೋಗಾಲಯದ ಕಂಟ್ರೋಲ್ ರೂಮಿನಲ್ಲಿ ದೊಡ್ಡ ಪರದೆಯ ಮುಂದೆ ಕೂತು ಗುಮ್ಮಟದ ಚಿತ್ರಕ್ಕೆ ಬಣ್ಣ ಏರುವುದನ್ನು ನೋಡುವುದೇ ಅವನ ಕೆಲಸ. "ನೀವು ಮನಿ ಕಟ್ಟಾಕ ಹೋಗೀರೋ, ಹತ್ತನೇತ್ತಿ ಪರೀಕ್ಷಾ ಬರಿಯಾಕ ಹೋಗೀರೋ? ಇನ್ನೊಂದ ಮಾರ್ಕ್ಸ್ ಬಿದ್ರ ಪಾಸ್ ನೋಡ್ರಿ."

"ಪಾಸಾದ ಮ್ಯಾಲೆ ಪೇಡೆ ನಿಮ್ದ," ಎಂದು ಹುಲಿಗೆವ್ವ ಫೋನು ಇಟ್ಟಳು. ರೊಟ್ಟಿ ಕಡಿದಾಗ ಹಲ್ಲಿನ ನಡುವೆ ಮರಳು ಕರಕರ ಎಂದಿತು. ಮೂವತ್ತೆಂಟು ದಿನಗಳಲ್ಲಿ ಮರಳಿಲ್ಲದ ರೊಟ್ಟಿಯನ್ನು ಅವಳು ಒಂದೂ ತಿಂದಿರಲಿಲ್ಲ.

ಜೈಸಲ್ಮೇರಿನಿಂದ ಪಶ್ಚಿಮಕ್ಕೆ ಎಪ್ಪತ್ತು ಕಿಲೋಮೀಟರು. ಸುತ್ತ ಮರಳಿನ ದಿಬ್ಬಗಳು, ನಡುವೆ ಮೂರು ಡೇರೆ, ಯಂತ್ರಗಳಿಗಾಗಿ ಒಂದು ತಗಡಿನ ಡಬ್ಬಿಕೋಣೆ, ಉಪ್ಪುನೀರಿನ ಒಂದು ಕೊಳವೆಬಾವಿ. ಇವೆಲ್ಲದರ ಮಧ್ಯೆ ಬೋರಲು ಹಾಕಿದ ಬೋಗುಣಿಯಂತೆ ಒಂದು ಮರಳ ಗುಪ್ಪೆ. ಆರು ಮೀಟರು ಅಗಲ, ಮೂರು ಮೀಟರು ಎತ್ತರ. ಅದೇ ಮನೆ. ಇನ್ನೂ ಒಳಗೆ ಹೋಗುವ ಹಾಗಿರಲಿಲ್ಲ, ಅಷ್ಟೆ.

ಮರಳನ್ನು ಕಲ್ಲು ಮಾಡುವ ಒಂದು ಜೀವಾಣುವನ್ನು ಡಾಕ್ಟರ್ ಶಕುಂತಲಾ ಇನಾಮದಾರ ಧಾರವಾಡದಲ್ಲಿ ಹನ್ನೊಂದು ವರ್ಷ ಸಾಕಿ ಬೆಳೆಸಿದ್ದರು. ಉಪ್ಪುನೀರಿನಲ್ಲಿ ಯೂರಿಯಾ, ಸುಣ್ಣದ ಲವಣ ಕಲಸಿ ಉಣಿಸಿದರೆ ಅದು ತಿಂದು, ಮರಳಿನ ಕಾಳು ಕಾಳುಗಳ ನಡುವೆ ಸುಣ್ಣಗಲ್ಲನ್ನು ಬಿಡುತ್ತಿತ್ತು. ಕಾಳುಗಳು ಒಂದಕ್ಕೊಂದು ಅಂಟಿಕೊಂಡು ಬಂಡೆಯಾಗುತ್ತಿದ್ದವು. ಅದಕ್ಕೆ ಪ್ರಯೋಗಾಲಯದವರು ಇಟ್ಟ ಹೆಸರು ಒಂದು ಗೇಣು ಉದ್ದವಿತ್ತು. ಅಡುಗೆ ನೋಡಿಕೊಳ್ಳುತ್ತಿದ್ದ ತಿಮ್ಮವ್ವ ಮೊದಲ ದಿನವೇ ಅದನ್ನು ಹೆಪ್ಪು ಎಂದು ಕರೆದಳು. ಹಾಲಿಗೆ ಹಾಕಿದರೆ ಮೊಸರು, ಮರಳಿಗೆ ಹಾಕಿದರೆ ಕಲ್ಲು. ಎರಡು ವಾರದೊಳಗೆ ಇನಾಮದಾರ ಮೇಡಂ ಕೂಡ ತಮ್ಮ ವರದಿಯಲ್ಲಿ ಹೆಪ್ಪು ಎಂದೇ ಬರೆಯತೊಡಗಿದ್ದರು.

ಕಟ್ಟುವ ರೀತಿಯೂ ಅಷ್ಟೇ ಸರಳ. ಮರಳನ್ನು ಗುಪ್ಪೆ ಹಾಕಬೇಕು. ಮೇಲ್ಮೈಗೆ ಹೆಪ್ಪು ಸಿಂಪಡಿಸಬೇಕು. ದಿನಾ ನಸುಕಿನಲ್ಲಿ ಒಮ್ಮೆ ಉಣಿಸಿ, ಹಗಲಿಡೀ ಒಣಗಲು ಬಿಡಬೇಕು. ನಲವತ್ತು ದಿನಕ್ಕೆ ಹೊರಗಿನ ಒಂದು ಗೇಣು ದಪ್ಪದ ಪದರ ಬಂಡೆಯಾಗುತ್ತದೆ. ಆಮೇಲೆ ಬಾಗಿಲಿನಷ್ಟು ಜಾಗ ಕೊರೆದು ಒಳಗಿನ ಸಡಿಲ ಮರಳನ್ನು ತೋಡಿ ಹೊರಗೆ ಹಾಕಿದರೆ ಉಳಿಯುವುದು ಮನೆ. ಸಿಮೆಂಟಿಲ್ಲ, ಇಟ್ಟಿಗೆಯಿಲ್ಲ, ಕಂಬಿಯಿಲ್ಲ. ಛಾವಣಿ ಹಾಕುವಾಗ ಕೆಳಗೆ ಹಲಗೆ, ಬೊಂಬು ಕೊಟ್ಟು ಸೆಂಟ್ರಿಂಗ್ ಮಾಡುತ್ತಾರಲ್ಲ, ಇಲ್ಲಿ ಆ ಸೆಂಟ್ರಿಂಗ್ ಕೂಡ ಮರಳೇ. ಇದೊಂದು ನಿಂತರೆ ಕುರಿ ಒಂಟೆ ಕಾಯುವವರಿಗಾಗಿ ಮರುಭೂಮಿಯುದ್ದಕ್ಕೂ ಇಂಥ ಇನ್ನೂರು ತಂಗುಮನೆ ಎಬ್ಬಿಸುವ ಯೋಜನೆಯಿತ್ತು.

ಪದರ ಎಷ್ಟು ಗಟ್ಟಿಯಾಯಿತೆಂದು ತಿಳಿಯಲು ಅದರೊಳಗೆ ನಲವತ್ತೆಂಟು ಕಿವಿಗಳನ್ನು ಹುಗಿದಿದ್ದರು. ಹೆಬ್ಬೆರಳಿನಷ್ಟು ಉದ್ದದ ಯಂತ್ರಗಳು. ಉಣಿಸುವ ಮೊದಲು, ನಸುಕಿನಲ್ಲಿ, ಒಂದು ಕಿವಿ ಟಕ್ ಎಂದು ಬಡಿಯುತ್ತಿತ್ತು, ಉಳಿದವು ಕೇಳಿಸಿಕೊಳ್ಳುತ್ತಿದ್ದವು. ಸಡಿಲ ಮರಳಿನಲ್ಲಿ ಸದ್ದು ತೆವಳುತ್ತದೆ, ಬಂಡೆಯಲ್ಲಿ ಓಡುತ್ತದೆ. ಆ ವೇಗದಿಂದ ಒಂದು ಅಂಕಿ ಹುಟ್ಟುತ್ತಿತ್ತು. ಸೊನ್ನೆಯೆಂದರೆ ಮರಳು, ನೂರೆಂದರೆ ಬಂಡೆ. ತೊಂಬತ್ತು ಬಂದರೆ ತೋಡಬಹುದು. ಆ ಅಂಕಿಯನ್ನು ದಿನಾ ಓದಿ, ಸರಿಯೆಂದು ತನ್ನ ಹೆಸರು ಹಾಕಿ ಕಳಿಸುವುದು ಹುಲಿಗೆವ್ವನ ಕೆಲಸ. ವಯಸ್ಸು ಇಪ್ಪತ್ಮೂರು, ಸಿವಿಲ್ ಡಿಪ್ಲೊಮಾ. ತಾಯಿಯ ತಮ್ಮ ದುರಗಪ್ಪನನ್ನು ಈ ಕೆಲಸಕ್ಕೆ ಮೇಸ್ತ್ರಿಯಾಗಿ ಕರೆತಂದವಳೂ ಅವಳೇ. ತಿಮ್ಮವ್ವ ಅವನ ಹೆಂಡತಿ. ಜೊತೆಗೆ ಬಾಗಲಕೋಟೆ ಕಡೆಯ ಇಬ್ಬರು ಆಳುಗಳು, ಹನುಮ ಮತ್ತು ಪರಸ. ಸಿಹಿನೀರು ತರುವ ಒಂಟೆಯವನು ಖೇತಾರಾಮ ಸೇರಿದರೆ ಒಟ್ಟು ಆರು ಜನ.

ದುರಗಪ್ಪನ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಸೆಂಟ್ರಿಂಗ್ ಬಿಚ್ಚುವ ದಿನ ಆ ಛಾವಣಿ ಹಾಕಿದ ಮೇಸ್ತ್ರಿ ಒಬ್ಬನೇ ಅದರ ಕೆಳಗೆ ನಿಲ್ಲಬೇಕು. ಅವನ ಅಪ್ಪ ನಿಂತಿದ್ದ, ಅಜ್ಜ ನಿಂತಿದ್ದ. ಅಜ್ಜನ ಮೇಲೆ ಒಮ್ಮೆ ಬಿದ್ದೂ ಇತ್ತು. ಕಾಲು ಕುಂಟಾದ ಮೇಲೂ ಮುದುಕ ನಿಲ್ಲುವುದನ್ನು ಬಿಡಲಿಲ್ಲ. ಹಾಗಾಗಿ ನಾಳೆ ತೊಂಬತ್ತು ಬಂದರೆ ಸಲಿಕೆ ಹಿಡಿದು ಮೊದಲು ಒಳಗೆ ತೋಡುತ್ತ ಹೋಗುವವನು ದುರಗಪ್ಪ, ತೋಡಿದಷ್ಟೂ ಅವನ ತಲೆಯ ಮೇಲೆ ಆಧಾರ ಕಡಿಮೆಯಾಗುತ್ತ ಹೋಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಯಾರೂ ಹೆದರಿರಲಿಲ್ಲ. ಅಂಕಿ ಚೆನ್ನಾಗಿತ್ತಲ್ಲ.

ಮಧ್ಯಾಹ್ನ ಮೂರಕ್ಕೆ ಹುಲಿಗೆವ್ವ ಡಬ್ಬಿಕೋಣೆಯಲ್ಲಿ ಕೂತು ಹಳೆಯ ಪಟ್ಟಿ ತಿರುವುತ್ತಿದ್ದಳು. ಮೂವತ್ತೊಂದನೇ ಕಿವಿ ಎರಡು ದಿನದಿಂದ ತಡೆದು ತಡೆದು ಉತ್ತರಿಸುತ್ತಿತ್ತು. ಅದನ್ನು ಪರೀಕ್ಷಿಸಲೆಂದು ಹೊತ್ತಲ್ಲದ ಹೊತ್ತಿನಲ್ಲಿ ಒಮ್ಮೆ ಬಡಿಸಿದಳು. ಮೂವತ್ತೊಂದು ಸರಿಯಾಗಿತ್ತು. ಪರದೆಯ ಮೂಲೆಯ ಅಂಕಿ ಮಾತ್ರ ಅರವತ್ತೊಂದು ಎಂದಿತು.

ಮತ್ತೆ ಬಡಿಸಿದಳು. ಅರವತ್ತೊಂದು. ತಂತಿ ಕಿತ್ತು ಮತ್ತೆ ಹಾಕಿ ಬಡಿಸಿದಳು. ಅರವತ್ತೊಂದು.

"ನದಾಫ್, ನಿಮ್ಮ ಕಡೆ ಎಷ್ಟು ತೋರಸಾಕತ್ತೈತಿ?"

"ಅರವತ್ತೊಂದರೀ. ಬಿಸಿಲಿಗೆ ಯಂತ್ರಕ್ಕ ತಲಿ ತಿರಗಿರಬೇಕು. ನಮ್ಮ ಮೇಡಂಗೂ ಮಧ್ಯಾಹ್ನ ಹಂಗ ಆಗತೈತಿ."

"ಚ್ಯಾಷ್ಟಿ ಬಿಡ್ರಿ. ಮುಂಜಾನೆ ಎಂಬತ್ತೊಂಬತ್ತು ಇದ್ದದ್ದು ಮಧ್ಯಾಹ್ನ ಯಾಕ ಇಳೀತು?"

ಕಲ್ಲಾದದ್ದು ಹತ್ತು ತಾಸಿನಲ್ಲಿ ಮರಳಾಗುವುದಿಲ್ಲ. ಬೆಳಿಗ್ಗೆ ಇದ್ದು ಮಧ್ಯಾಹ್ನ ಇಲ್ಲದಂಥದು ಈ ಬಿಸಿಲಿನಲ್ಲಿ ಒಂದೇ ಒಂದು, ನೀರು. ಹುಲಿಗೆವ್ವ ಹಿಂದಿನ ಪಟ್ಟಿಯನ್ನು ಮತ್ತೆ ಎಳೆದಳು. ಮೊದಲ ಇಪ್ಪತ್ತೊಂಬತ್ತು ದಿನ ಅಂಕಿ ದಿನಕ್ಕೆ ಒಂದೂವರೆ, ಎರಡರಂತೆ ಏರಿ ಐವತ್ತೆರಡಕ್ಕೆ ಬಂದಿತ್ತು. ಆಮೇಲೆ ಒಂಬತ್ತೇ ದಿನದಲ್ಲಿ ಮೂವತ್ತೇಳು ಜಿಗಿದಿತ್ತು. ಈ ಜಿಗಿತ ನೋಡಿ ಮೇಡಂ, ಮರುಭೂಮಿಯ ಬಿಸಿ ಹೆಪ್ಪಿಗೆ ಚೆನ್ನಾಗಿ ಒಗ್ಗಿದೆ ಎಂದು ಲೇಖನವನ್ನೇ ಬರೆಯತೊಡಗಿದ್ದರು. ಹುಲಿಗೆವ್ವ ಒಂಬತ್ತು ದಿನವೂ ಖುಷಿಯಿಂದ ಹೆಸರು ಹಾಕಿದ್ದಳು. ಒಳ್ಳೆಯ ಅಂಕಿಯನ್ನು ಯಾರು ಎರಡನೇ ಸಲ ಕೇಳುತ್ತಾರೆ?

ಒದ್ದೆ ಮರಳಿನಲ್ಲೂ ಸದ್ದು ಓಡುತ್ತದೆ. ಇದು ಅವಳಿಗೆ ಗೊತ್ತಿದ್ದ ವಿಷಯವೇ. ಆದರೆ ಹಿಂದಿನ ಬೆಳಿಗ್ಗೆ ಉಣಿಸಿದ್ದು ಹಗಲಿಡೀ ಒಣಗಿ, ಮರುದಿನ ನಸುಕಿಗೆ ಪದರ ಪೂರ್ತಿ ಒಣಕಲಾಗಿರಬೇಕು ಎಂಬ ಲೆಕ್ಕದ ಮೇಲೆ ಎಲ್ಲ ನಿಂತಿತ್ತು. ನಸುಕಿಗೆ ಅದು ಒದ್ದೆಯಿದ್ದರೆ ನೀರು ಎಲ್ಲಿಂದ ಬಂತು?

ಎದ್ದು ಅಡುಗೆಯ ಡೇರೆಗೆ ಹೋದಳು. ತಿಮ್ಮವ್ವ ಹಿಟ್ಟು ನಾದುತ್ತ ಹನುಮ, ಪರಸರನ್ನು ತರಾಟೆಗೆ ತೆಗೆದುಕೊಂಡಿದ್ದಳು.

"ದೂರ ಕುಂದರ್ರೋ. ಒಂಟಿ ಬಾಜೂಕ ಕುಂತ್ರ ಅದss ಎದ್ದು ಹೋಗತೈತಿ, ಅಂಥಾ ನಾತ ಬಡೀತೀರಿ. ಜಳಕಾ ಮಾಡಿ ಎಷ್ಟ ದಿನಾ ಆತು?"

"ನೀರss ಇರಂಗಿಲ್ಲವ್ವ," ಎಂದ ಪರಸ. "ಸಂಜಿಕ ನಾವು ಹೋಗೂದ್ರಾಗ ಜಳಕದ ಡ್ರಮ್ಮು ಖಾಲಿ."

"ಯಾರ ಖಾಲಿ ಮಾಡ್ತಾರ?"

ಪರಸ ಹನುಮನ ಮುಖ ನೋಡಿದ, ಹನುಮ ಒಲೆ ನೋಡಿದ. ಹುಲಿಗೆವ್ವ ಬಾಗಿಲಲ್ಲೇ ನಿಂತು ಕೇಳಿದಳು: "ಎಷ್ಟು ದಿನದಿಂದ ಖಾಲಿ, ಪರಸಾ?"

"ಎಂಟೊಂಬತ್ತು ದಿನಾ ಆಗಿರಬೇಕ್ರಿ."

ಅವಳಿಗೆ ಇನ್ನೇನೂ ಕೇಳಬೇಕಾಗಿರಲಿಲ್ಲ.

ಹೊತ್ತು ಇಳಿಯುವಾಗ ಗುಮ್ಮಟದ ಹಿಂಬದಿಗೆ ಹೋದಳು. ದುರಗಪ್ಪ ಬೊಂಬಿನ ಏಣಿಯ ಮೇಲೆ ನಿಂತಿದ್ದ. ಕೊಡದಲ್ಲಿ ಕಸಬರಿಗೆ ಅದ್ದಿ, ನೆತ್ತಿಯಿಂದ ಕೆಳಗೆ ನೀರು ಚಿಮುಕಿಸುತ್ತಿದ್ದ. ಕೂಸಿಗೆ ಎರೆಯುವ ಹಾಗೆ, ಒಂದು ಅಂಗೈ ಜಾಗವನ್ನೂ ಬಿಡದೆ.

"ಮಾವಾ, ಏನ್ ಮಾಡಾಕತ್ತಿ?"

ಅವನು ಬೆಚ್ಚಲೂ ಇಲ್ಲ, ಅಡಗಿಸಲೂ ಇಲ್ಲ. "ನೀರು ಕುಡಸಾಕತ್ತೀನಿ. ಕಾಣವಲ್ದೇನು?"

"ಕುಡಸಬ್ಯಾಡ ಅಂತ ಹೇಳಿದ್ದಿಲ್ಲಾ?"

"ಹಗಲ ಹಾಕಬ್ಯಾಡ ಅಂದಿ. ಹಗಲ ಹಾಕಿಲ್ಲ." ಅವನು ಕಸಬರಿಗೆಯನ್ನು ಕೊಡಕ್ಕೆ ಬಡಿದು ನೀರು ಉದುರಿಸಿದ. "ಮ್ಯಾಲೆ ಕೂದಲೆಳಿ ಹಂಗ ಬಿರುಕು ಕಂಡ್ವು. ಮೂವತ್ತೊಂದು ವರ್ಸ ಸ್ಲ್ಯಾಬ್ ಹಾಕೀನಿ ಹುಲಿಗಿ. ಸಂಜಿಕ ನೀರು ಕುಡಸದ ಗ್ವಾಡಿ ಬಿಟ್ಟು ಬಂದ್ರ ಉಂಡ ಕೂಳು ಮೈಗಿ ಹತ್ತಂಗಿಲ್ಲ ನನಗ. ನೋಡು, ಹಾಕಿದ ಮ್ಯಾಲೆ ನಿನ್ನ ಅಂಕಿನೂ ಏರಾಕತ್ತಿತು. ನಾ ಹೇಳಲಿಲ್ಲ, ನೀ ಕೇಳಲಿಲ್ಲ. ಚೊಲೋನ ಆತಲ್ಲ."

"ನೀ ಗ್ವಾಡಿಗೆ ಕುಡಸಿಲ್ಲ ಮಾವಾ, ನನ್ನ ಲೆಕ್ಕಕ್ಕ ಕುಡಸೀದಿ. ಇದು ಸಿಮೆಂಟಲ್ಲ. ಮುಂಜಾನಿ ಉಣಿಸಿದ್ದನ್ನ ಹೆಪ್ಪು ತಿನ್ನೂದ್ರಾಗ ನೀ ಸಂಜಿಕ ತೊಳದು ಕೆಳಗ ಕಳಿಸೀದಿ. ನೆತ್ತಿ ಉಪವಾಸ ಐತಿ."

ದುರಗಪ್ಪ ನಕ್ಕ. ಬೆರಳ ಗೆಣ್ಣಿನಿಂದ ಗುಮ್ಮಟದ ನೆತ್ತಿಯನ್ನು ಕುಟ್ಟಿದ. ಗಟ್ಟಿ ಸದ್ದು ಬಂತು. "ಕೇಳಸ್ತೇನು? ಶಹಾಬಾದಿ ಕಲ್ಲು ಅಂದಂಗ ಅಂತೈತಿ."

"ಕುಟ್ಟಬ್ಯಾಡ. ಬೈರಿಗಿ ಹಾಕು."

"ಚೊಲೋ ಗ್ವಾಡಿಗೆ ತೂತಾ?"

"ಹಾಕು. ನಾಳೆ ಅದರ ಕೆಳಗ ನಿಲ್ಲಾವ ನೀನ."

ಅವನಿಗೆ ಸಿಟ್ಟು ಬಂತು. ತೋರಿಸಿಯೇ ಬಿಡುತ್ತೇನೆ ಎಂಬ ಹುಮ್ಮಸ್ಸಿನಲ್ಲಿ ಕೈಬೈರಿಗೆ ತಂದ. ಮೊದಲು ಬುಡದಲ್ಲಿ ಹಾಕಿದ. ತಿರುವಿದ, ತಿರುವಿದ, ಬೈರಿಗೆ ಮೊಳದುದ್ದ ಒಳಹೊಕ್ಕರೂ ತುದಿಯಲ್ಲಿ ಕಲ್ಲಿನ ಹಿಟ್ಟೇ ಬರುತ್ತಿತ್ತು. ಗೆದ್ದವನಂತೆ ಹುಲಿಗೆವ್ವನನ್ನು ನೋಡಿದ. ಆಮೇಲೆ ಏಣಿ ಹತ್ತಿ ನೆತ್ತಿಗೆ ಹಾಕಿದ. ನಾಲ್ಕು ಬೆರಳು ಇಳಿಯಿತು. ಐದನೆಯ ಬೆರಳಿಗೆ ತಿರುವುವ ಅಗತ್ಯವೇ ಬೀಳಲಿಲ್ಲ, ಬೈರಿಗೆ ಹಿಡಿಕೆಯ ತನಕ ತಾನೇ ಜಾರಿ ಹೋಯಿತು. ಹೊರಗೆಳೆದಾಗ ತುದಿಯಿಂದ ಸಡಿಲ ಮರಳು ಸುರಿಯಿತು.

ಅವನು ಆ ತೂತನ್ನು ಹೆಬ್ಬೆರಳಿನಿಂದ ಮುಚ್ಚಿ ಸುಮಾರು ಹೊತ್ತು ಏಣಿಯ ಮೇಲೆಯೇ ನಿಂತ. ಒಂದು ಗೇಣು ಇರಬೇಕಾದ ಕಡೆ ನಾಲ್ಕು ಬೆರಳು. ಕೆಳಗಿಳಿದು ಕೊಡದಲ್ಲಿ ಉಳಿದಿದ್ದ ನೀರನ್ನು ನೋಡಿ, ಅದನ್ನು ಎಲ್ಲಿ ಚೆಲ್ಲಬೇಕೆಂದು ತಿಳಿಯದೆ ನೆಲಕ್ಕಿಟ್ಟ.

"ಯಾರಿಗೂ ಹೇಳಬ್ಯಾಡ ಅನ್ನಂಗಿಲ್ಲ ನಾನು," ಎಂದ.

"ಅಂದ್ರೂ ಕೇಳಾಕಿ ಅಲ್ಲ," ಎಂದಳು ಹುಲಿಗೆವ್ವ.

ಡಬ್ಬಿಕೋಣೆಗೆ ಹೋಗಿ ಬೆಳಗಿನ ಎಂಬತ್ತೊಂಬತ್ತನ್ನು ಹೊಡೆದು ಹಾಕಿ ಅರವತ್ತೊಂದು ಎಂದು ತಿದ್ದಿದಳು. ಹಿಂದಿನ ಎಂಟು ದಿನಗಳ ಮುಂದೆ 'ಹುಸಿ' ಎಂದು ಬರೆದಳು. ಬರೆದು ಮೇಡಂಗೆ ಫೋನು ಹಚ್ಚಿದಳು.

ಇನಾಮದಾರ ಮೇಡಂ ದನಿ ಏರಿಸುವವರಲ್ಲ. ಸಿಟ್ಟು ಬಂದರೆ ಅವರ ಮಾತು ಇನ್ನೂ ಸಣ್ಣದಾಗುತ್ತಿತ್ತು. "ಒಂಬತ್ತು ದಿನದ್ದು ಎಲ್ಲಾ ಕಸಾ ಅಂದಂಗಾತು. ಯಾರು ನೀರು ಹಾಕಿದ್ದು?"

"ನಮ್ಮ ಮಾವಾ ರೀ. ನೋಡಕೋಬೇಕಾದಾಕಿ ನಾನಿದ್ದೆ. ನೋಡಲಿಲ್ಲ."

"ಲೇಖನಾನೂ ಕಸದ ಬುಟ್ಟಿಗೆ ಹೋತು." ಆಮೇಲೆ ಕೇಳಿದರು: "ನಾಳೆ ಅವರು ಒಳಗ ಹೋಗವ್ರಿದ್ರು, ಹೌದಿಲ್ಲೋ?"

"ಹೌದ್ರಿ."

"ಲೇಖನಾ ಹೋದ್ರ ಹೋಗ್ಲಿ ಬಿಡು. ನೆತ್ತಿಗೆ ಅಷ್ಟ ಮತ್ತ ಉಣಸ್ರಿ. ಹದಿನೈದು ದಿನ ತಗೋಳ್ರಿ. ಬಿರುಗಾಳಿ ಗುರುವಾರ ಅಂತ ಹೇಳ್ಯಾರ, ಬುಧವಾರ ಟ್ರಕ್ ಕಳಸ್ತೀನಿ, ಅದು ಮುಗಿಯೋತನಾ ಎಲ್ಲಾರೂ ಊರಾಗಿರ್ರಿ. ಮರಳು ತುಂಬಿದ ಗುಮ್ಮಟಕ್ಕ ಗಾಳಿ ಏನೂ ಮಾಡೂದಿಲ್ಲ."

ಒಳ್ಳೆಯ ಯೋಜನೆ. ಬಿರುಗಾಳಿಗೆ ಅದು ಒಪ್ಪಿಗೆಯಾಗಲಿಲ್ಲ.

ಮರುದಿನ ಮಂಗಳವಾರ ಐದೂವರೆಗೆ ನದಾಫ್‌ನ ಫೋನು ಬಂತು. ದನಿಯಲ್ಲಿ ಚೇಷ್ಟೆಯಿರಲಿಲ್ಲ. ಗಾಳಿ ದಿಕ್ಕು ಬದಲಿಸಿತ್ತು, ಬಿರುಗಾಳಿ ಇವತ್ತೇ ಮಧ್ಯಾಹ್ನ ಎರಡರ ಸುಮಾರಿಗೆ ಬರುತ್ತದೆ. ತಾಸಿಗೆ ನೂರಿಪ್ಪತ್ತು ಕಿಲೋಮೀಟರು. ಟ್ರಕ್ಕು ಹೊರಟಿತ್ತು, ಆದರೆ ರಸ್ತೆಯ ಮೇಲೆ ದಿಬ್ಬ ಸರಿದು ಅರ್ಧ ದಾರಿಯ ಕಾಲುವೆಯ ಹತ್ತಿರವೇ ಸಿಕ್ಕಿಕೊಂಡಿತ್ತು. ಬರುವುದಿಲ್ಲ.

ಆರು ಜನ ಅಡುಗೆಯ ಡೇರೆಯಲ್ಲಿ ಕೂಡಿದರು. ಫೋನು ಹಿಟ್ಟಿನ ಡಬ್ಬದ ಮೇಲೆ ಕೂತಿತ್ತು. ಮೇಡಂ ಆ ತುದಿಯಲ್ಲಿದ್ದರು.

"ಡೇರೆ ನಿಲ್ಲೂದಿಲ್ಲ," ಎಂದ ಖೇತಾರಾಮ. ಈ ಕೆಲಸಕ್ಕೆ ಬಂದ ಮೇಲೆ ಅಷ್ಟಿಷ್ಟು ಕನ್ನಡ ಕಲಿತಿದ್ದ. "ಡಬ್ಬಿ ನಿಲ್ಲೂದಿಲ್ಲ. ನಾನು ನೋಡಿದ್ದು, ತಗಡು ಹಾರಿದ್ದು, ಮನಷಾ ತುಂಡು ಆಗಿದ್ದು."

"ಒಂಟಿ ಹಂಗ ಬಯಲಾಗ ಕುಂತ್ರ?" ಎಂದ ಹನುಮ.

"ಒಂಟೆ ಮೂಗು ಮುಚ್ಚೂದು. ನಿನ್ನ ಮೂಗು ಮುಚ್ಚೂದಿಲ್ಲ."

ಯಾರೂ ಬಾಯಿ ಬಿಟ್ಟು ಹೇಳದಿದ್ದರೂ ಎಲ್ಲರ ಕಣ್ಣು ಡೇರೆಯ ಬಾಗಿಲಾಚೆ ಗುಮ್ಮಟದ ಮೇಲಿತ್ತು. ದುರಗಪ್ಪ ಮುಂದೆ ಸರಿದ. "ತಪ್ಪು ಮಾಡಿದಾವ ನಾನು. ನಾ ತೋಡ್ತೀನಿ. ನಿಂತ್ರ ನೀವು ಒಳಗ ಬರ್ರಿ. ಬಿದ್ರ..."

"ಬಿದ್ರ ಐದು ಮಂದಿ ಬಯಲಾಗ, ಒಬ್ಬಾವ ಮರಳಾಗ," ಎಂದಳು ಹುಲಿಗೆವ್ವ. "ಅದು ಪರಿಹಾರ ಅಲ್ಲ ಮಾವಾ." ನೆಲದ ಮರಳಿನ ಮೇಲೆ ಬೆರಳಿನಿಂದ ಒಂದು ಅರ್ಧ ವೃತ್ತ ಎಳೆದಳು. "ನೀ ನೆತ್ತಿಯಿಂದ ತೊಳದ ಊಟ ಎಲ್ಲಾ ಎಲ್ಲಿ ಹೋತು? ಬುಡಕ್ಕ. ಬೈರಿಗಿ ಮೊಳಾ ಹೋದ್ರೂ ಕಲ್ಲು ಮುಗಿಲಿಲ್ಲ. ಸೊಂಟದ ಎತ್ತರದ ತನಕ ಲೆಕ್ಕಕ್ಕಿಂತ ಎರಡು ಪಟ್ಟು ದಪ್ಪ ಐತಿ. ಸೊರಗಿದ್ದು ನೆತ್ತಿ ಒಂದss." ಅರ್ಧ ವೃತ್ತದ ನಟ್ಟನಡುವೆ ಒಂದು ಗೆರೆ ಎಳೆದಳು. "ಎಲ್ಲಾ ಮರಳು ತೋಡೂದು ಬ್ಯಾಡ. ನಡುವ ಕಂಬದಂಗ ಬಿಡೂನು. ಸುತ್ತ ಗಾಣದ ಎತ್ತು ತಿರುಗೂವಷ್ಟು ಓಣಿ ತೋಡೂನು. ನೆತ್ತಿ ಕಂಬದ ಮ್ಯಾಲೆ ಇರ್ತೈತಿ, ನಾವು ಗ್ವಾಡಿ ಮಗ್ಗಲ ಇರ್ತೀವಿ."

"ಮರಳು ಕಂಬಾ ಆಗಿ ನಿಲ್ಲತೈತೇನ?" ಎಂದು ಪರಸ ಕೇಳಿದ.

"ಬರೇ ಮರಳು ನಿಲ್ಲಂಗಿಲ್ಲ," ಎಂದ ದುರಗಪ್ಪ. ಅವನ ಬೆನ್ನು ಸ್ವಲ್ಪ ನೆಟ್ಟಗಾಗಿತ್ತು. "ಯೂರಿಯಾದ ಖಾಲಿ ಚೀಲ ಎಷ್ಟ ಅದಾವು? ನೂರರ ಮ್ಯಾಲೆ ಅದಾವು. ತೋಡಿದ್ದನ್ನ ಚೀಲಕ್ಕ ತುಂಬಿ ಕಂಬದ ಸುತ್ತ ಒಡ್ಡು ಕಟ್ಟಕೋತ ಹೋಗೂದು. ಒಂದರ ಸಂದಿ ಮ್ಯಾಲೆ ಇನ್ನೊಂದು. ಕಲ್ಲಿನ ಗ್ವಾಡಿ ಕಟ್ಟಿದಂಗ."

ಫೋನಿನಿಂದ ನದಾಫ್ ಕೀಲಿಮಣೆ ಕುಟ್ಟುವ ಸದ್ದು ಬರುತ್ತಿತ್ತು. ನಿನ್ನೆಯ ಒಣ ಅಂಕಿಗಳನ್ನೂ ಬೈರಿಗೆಯ ಅಳತೆಗಳನ್ನೂ ಹಾಕಿ ಅವನು ಗುಮ್ಮಟವನ್ನು ಪರದೆಯ ಮೇಲೆ ನೂರು ಸಲ ಗಾಳಿಗೆ ಒಡ್ಡಿದ. ಹತ್ತು ನಿಮಿಷದ ಮೇಲೆ ಹೇಳಿದ: "ಕಂಬ ಒಂದೂವರೆ ಮೀಟರ್ ಅಗಲ ಇದ್ರ ನೂರರಾಗ ತೊಂಬತ್ತಾರು ಸಲ ನಿಲ್ಲತೈತ್ರಿ. ಒಂದು ಮೀಟರ್ ಮಾಡಿದ್ರ ಎಪ್ಪತ್ತು."

"ನಾ ಇಲ್ಲಿ ಕುರ್ಚಿ ಮ್ಯಾಲೆ ಕೂತು ಒಳಗ ಹೋಗ್ರಿ ಅನ್ನಲಿಕ್ಕೆ ಆಗೂದಿಲ್ಲ," ಎಂದರು ಮೇಡಂ. "ಬ್ಯಾಡ ಅನ್ನಲಿಕ್ಕೂ ಆಗೂದಿಲ್ಲ. ಹುಲಿಗೆವ್ವ, ಅಲ್ಲಿರಾಕಿ ನೀನು."

"ತೋಡತೀವ್ರಿ," ಎಂದಳು ಅವಳು.

ಆರೂಕಾಲಿಗೆ ಈಶಾನ್ಯದ ಕಡೆ, ಗಾಳಿಗೆ ಬೆನ್ನಾಗುವ ಜಾಗದಲ್ಲಿ ಬಾಗಿಲು ಕೊರೆದರು. ಪದರ ಒಡೆಯಲು ಉಳಿ, ಸುತ್ತಿಗೆ ಬೇಕಾಯಿತು. ಒಡೆದ ತುಂಡು ಎತ್ತಿ ನೋಡಿದರೆ ಅಚ್ಚ ಕಲ್ಲು. ಮರಳು ಹೊರಗೆ ಸುರಿಯಿತು. ದುರಗಪ್ಪ ಸಲಿಕೆ ಎತ್ತಿಕೊಂಡು ಬಾಗಿದ. ಹುಲಿಗೆವ್ವ ಅವನ ಭುಜ ಹಿಡಿದಳು.

"ನಾ ಮೊದಲ ಹೋಗ್ತೀನಿ."

"ಏ ಹುಚ್ಚಿ, ಮೇಸ್ತ್ರಿ ನಿಲ್ಲಬೇಕು. ನಮ್ಮ ಮನ್ಯಾಗ..."

"ನಿಮ್ಮ ಮನ್ಯಾಗ ಛಾವಣಿ ಮೇಸ್ತ್ರಿ ಮಾತಿನ ಮ್ಯಾಲೆ ನಿಂತಿರತಿತ್ತು. ಇದು ನನ್ನ ಅಂಕಿ ಮ್ಯಾಲೆ ನಿಂತೈತಿ. ಒಂಬತ್ತು ದಿನ ಹುಸಿ ಅಂಕಿಗೆ ಹೆಸರು ಹಾಕೀನಿ. ಇವತ್ತಿಂದು ಖರೆ ಅನ್ನೂದಾದ್ರ ಕೆಳಗ ನಾನ ನಿಲ್ಲಬೇಕು."

"ನಿಮ್ಮವ್ವಗ ನಾ ಏನ್ ಹೇಳಲಿ?"

"ಇಬ್ಬರೂ ಹಿಂಗ ನಿಂತು ಉಪಚಾರ ಮಾಡ್ರಿ," ಎಂದಳು ಹಿಂದಿನಿಂದ ತಿಮ್ಮವ್ವ, ಚೀಲದ ಹೊರೆ ಕೆಳಗೆ ಎಸೆದು. "ಗಾಳಿ ಬಂದು ಇಬ್ಬರನ್ನೂ ಹೊತಗೊಂಡು ಹೋಗ್ಲಿ. ಸರೀರಿ, ಇಲ್ಲಂದ್ರ ನಾ ಹೋಗ್ತೀನಿ."

ಹುಲಿಗೆವ್ವ ಬಗ್ಗಿ ಒಳಗೆ ಹೊಕ್ಕಳು.

ಮೊದಲ ಒಂದು ತಾಸು ಅವಳು ಮಂಡಿಯ ಮೇಲೆಯೇ ತೋಡಿದಳು. ಮರಳು ಬೆಚ್ಚಗಿತ್ತು, ಸ್ವಲ್ಪ ಒದ್ದೆಯಿತ್ತು, ಮೂತ್ರದ ವಾಸನೆಯಿತ್ತು. ಹೆಪ್ಪು ತಿಂದು ಉಳಿಸಿದ ಯೂರಿಯಾ. ಪ್ರತಿ ಹತ್ತು ಬುಟ್ಟಿಗೊಮ್ಮೆ ನಿಲ್ಲಿಸಿ ಹೊರಗಿನವರನ್ನೂ ಸುಮ್ಮನಿರಿಸಿ ಕಿವಿಗಳನ್ನು ಬಡಿಸುವಂತೆ ನದಾಫ್‌ಗೆ ಹೇಳುತ್ತಿದ್ದಳು. ಬಂಡೆ ಬಿರಿಯುವುದಿದ್ದರೆ ಕಿವಿಗಳಿಗೆ ಮೊದಲು ಗೊತ್ತಾಗುತ್ತದೆ. "ಏನೂ ಇಲ್ಲರಿ, ಹೊಡೀರಿ," ಎನ್ನುತ್ತಿದ್ದ ಅವನು. ಗೋಡೆಯ ಒಳಮೈ ಕೈಗೆ ಸಿಕ್ಕಾಗ ಅವಳು ಒಂದು ಗಳಿಗೆ ಅಂಗೈ ಇಟ್ಟು ನೋಡಿದಳು. ಒರಟು, ತಣ್ಣಗೆ, ಅಲ್ಲಾಡದ್ದು. ಆಮೇಲೆ ದುರಗಪ್ಪನನ್ನು ಒಳಗೆ ಕರೆದಳು. ಅವನು ಬಂದು ಮೊದಲು ನೋಡಿದ್ದು ನೆತ್ತಿಯನ್ನಲ್ಲ, ಚೀಲದ ಒಡ್ಡನ್ನು. ಅವಳು ಇಟ್ಟ ಮೂರು ಸಾಲು ಕಿತ್ತು ಹಾಕಿ, ಗೊಣಗುತ್ತ, ಸಂದಿ ಕೂಡದ ಹಾಗೆ ಹೊಸದಾಗಿ ಇಟ್ಟ.

ಒಂದೂಮುಕ್ಕಾಲಿಗೆ ಓಣಿ ಸುತ್ತು ಕೂಡಿತು. ಆಳೆತ್ತರ, ಇಬ್ಬರು ಕಾಲು ಚಾಚಿ ಎದುರುಬದುರು ಕೂರುವಷ್ಟು ಅಗಲ. ನಡುವೆ ಚೀಲ ಸುತ್ತಿದ ದಪ್ಪ ಕಂಬ, ಮೇಲೆ ಹೋಗಿ ನೆತ್ತಿಗೆ ಒತ್ತಿಕೊಂಡಿತ್ತು. ಸಿಹಿನೀರಿನ ಕ್ಯಾನು, ರೊಟ್ಟಿಯ ಬುಟ್ಟಿ, ಬ್ಯಾಟರಿ ಒಳಗೆ ಬಂದವು. ಖೇತಾರಾಮ ಒಂಟೆಯನ್ನು ಗುಮ್ಮಟದ ಮರೆಗೆ ಕೂರಿಸಿ, ಮುಂಗಾಲು ಕಟ್ಟಿ, ಅದರ ಕಿವಿಯಲ್ಲಿ ಏನೋ ಹೇಳಿ ಬಂದ. ಪಶ್ಚಿಮದಲ್ಲಿ ಇಟ್ಟಿಗೆ ಬಣ್ಣದ ಗೋಡೆಯೊಂದು ಆಕಾಶದ ತನಕ ಎದ್ದು ನಡೆದು ಬರುತ್ತಿತ್ತು. ಬಾಗಿಲಿಗೆ ತಾಡಪತ್ರಿ, ಅದರ ಹಿಂದೆ ಎದೆಮಟ್ಟ ಚೀಲಗಳು.

ಮೊದಲು ಬೆಳಕು ಹೋಯಿತು. ಆಮೇಲೆ ಸದ್ದು ಬಂತು. ಡಾಂಬರು ಕಾಣದ ರಸ್ತೆಯ ಮೇಲೆ ಸಾವಿರ ಲಾರಿ ಜಲ್ಲಿ ಸುರಿದಂತೆ. ಡೇರೆಗಳು ಕಿತ್ತುಹೋದದ್ದು ಕೇಳಿಸಲೇ ಇಲ್ಲ, ಡಬ್ಬಿಕೋಣೆ ಉರುಳಿದ್ದು ಮಾತ್ರ ಕೇಳಿಸಿತು. ಅದರೊಂದಿಗೆ ಧಾರವಾಡದ ಸಂಪರ್ಕವೂ ಕಡಿಯಿತು. ಇನ್ನು ಅಂಕಿ ಕೇಳಲು ಯಾರೂ ಇರಲಿಲ್ಲ. ಹುಲಿಗೆವ್ವ ಬ್ಯಾಟರಿಯನ್ನು ಕಂಬದ ತುದಿಗೆ ಹಿಡಿದು ಕೂತಳು. ಒಮ್ಮೆ ಅಲ್ಲಿಂದ ಒಂದು ಬೊಗಸೆ ಮರಳು ಉದುರಿತು. ಆರು ಜನವೂ ಗೋಡೆಗೆ ಒತ್ತಿಕೊಂಡರು. ಮತ್ತೆ ಉದುರಲಿಲ್ಲ.

"ಹೆಪ್ಪು ಹೊಟ್ಟಿ ಹಸದು ಕಾರೇತಿ," ಎಂದಳು ತಿಮ್ಮವ್ವ. ಹನುಮ ನಗಲು ಹೋಗಿ ಕೆಮ್ಮಿದ.

ದುರಗಪ್ಪ ಗೋಡೆಗೆ ಬೆನ್ನು ಕೊಟ್ಟು ಅಂಗೈಯನ್ನೂ ಅದಕ್ಕೆ ಆನಿಸಿಕೊಂಡಿದ್ದ. "ನಡಗವಲ್ದು," ಎಂದ ಒಂದು ತಾಸಿನ ಮೇಲೆ. ಇನ್ನೊಂದು ತಾಸಿನ ಮೇಲೆ ಮತ್ತೆ ಅದನ್ನೇ ಹೇಳಿದ. ಅವನ ಆ ಮಾತನ್ನು ಎಲ್ಲರೂ ಗಡಿಯಾರದ ಹಾಗೆ ಕಾಯತೊಡಗಿದರು.

ಏಳರ ಸುಮಾರಿಗೆ ಸದ್ದು ತಗ್ಗಿತು. ತಾಡಪತ್ರಿಯ ಅಂಚಿನಲ್ಲಿ ಹಳದಿ ಬೆಳಕು ಕಂಡಿತು. ಖೇತಾರಾಮ ಮೊದಲು ಚೀಲ ಕಿತ್ತು ಹೊರಗೆ ಹಾರಿದ. ಒಂಟೆ ಅರ್ಧ ಹೂತುಹೋಗಿದ್ದರೂ ಬದುಕಿತ್ತು, ಸಿಟ್ಟಿನಿಂದ ಅವನ ಮೇಲೆ ಉಗುಳಿತು. ಡೇರೆಗಳಿರಲಿಲ್ಲ. ಡಬ್ಬಿಕೋಣೆ ನೂರು ಮಾರು ಆಚೆ ತಲೆಕೆಳಗಾಗಿ ಬಿದ್ದಿತ್ತು. ಗುಮ್ಮಟದ ಮೈಯಲ್ಲಿ ಒಂದು ಗೀರೂ ಇರಲಿಲ್ಲ.

ಹೊರಗಿನ ಬೆಳಕು ಒಳಗೆ ಬಿದ್ದಾಗ ಹುಲಿಗೆವ್ವ ಮೇಲೆ ನೋಡಿದಳು. ನೋಡಿ ಚೀಲದ ಒಡ್ಡು ಹತ್ತಿ ಕಂಬದ ತುದಿಗೆ ಮುಖ ಒಯ್ದಳು.

"ಮಾವಾ, ಇಲ್ಲಿ ಬಾ."

ಐದು ತಾಸಿನ ಗದ್ದಲಕ್ಕೆ ಚೀಲದೊಳಗಿನ ಮರಳು ಕುಸಿದು ಕೂತಿತ್ತು. ಕಂಬ ಗಿಡ್ಡಾಗಿತ್ತು. ನೆತ್ತಿ ಅದರ ಜೊತೆ ಇಳಿದಿರಲಿಲ್ಲ. ಎರಡರ ನಡುವೆ ಬೆಳಕಿನ ಒಂದು ಗೆರೆ ಈ ಬದಿಯಿಂದ ಆ ಬದಿಗೆ ಕಾಣುತ್ತಿತ್ತು. ಆ ನಾಲ್ಕು ಬೆರಳಿನ ನೆತ್ತಿ ಯಾವಾಗಿನಿಂದಲೋ ಯಾರ ಆಧಾರವೂ ಇಲ್ಲದೆ ನಿಂತಿತ್ತು. ಗಾಳಿ ಏರಿದ್ದಾಗಲೇ ಇರಬೇಕು.

ದುರಗಪ್ಪ ಆ ಸಂದಿಯಲ್ಲಿ ಬೆರಳು ಆಡಿಸಿದ. ಮುಖವೆಲ್ಲ ನಗೆಯಾಯಿತು. "ಬಿಚ್ಚಲೇನ ಕಂಬಾ?"

"ಮುಟ್ಟಿದ್ರ ನೋಡು. ಐದು ತಾಸು ನಿಂತದ್ದು ಐದು ವರ್ಷ ನಿಲ್ಲತೈತಿ ಅಂತ ಯಾರು ಹೇಳಿದ್ರು? ಹದಿನೈದು ದಿನಾ ನೆತ್ತಿಗೆ ಉಣಿಸಿ, ಒಣಗಿಸಿ, ಆಮೇಲೆ."

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಅವಳು ಕಿಸೆಯಿಂದ ಉಕ್ಕಿನ ಸ್ಕೇಲು ತೆಗೆದು ಸಂದಿಗೆ ತೂರಿಸಿ, ಮೂರು ಕಡೆ ಅಳೆದು, ಕೈಯ ಮೇಲೆ ಬರೆದುಕೊಂಡಳು. ಆಮೇಲೆ ಹೊರಬಂದು, ಮರಳಿನಲ್ಲಿ ನೆಟ್ಟಗೆ ಉಳಿದಿದ್ದ ಒಂದೇ ಒಂದು ಗೂಟದ ಹತ್ತಿರ ನಿಂತು, ಸಿಗ್ನಲ್ ಸಿಕ್ಕುವ ತನಕ ಫೋನು ಎತ್ತಿ ಹಿಡಿದಳು.

"ಹುಲಿಗೆವ್ವ! ಎಲ್ಲಾರೂ ಅದೀರೇನು?" ಮೇಡಂ ದನಿ ಮೊದಲ ಸಲ ಏರಿತ್ತು.

"ಆರೂ ಮಂದಿ ಅದೀವ್ರಿ. ಒಂಟಿನೂ ಐತಿ. ಬರಕೋರ್ರಿ, ಇಪ್ಪತ್ತೆರಡು."

"ಇಪ್ಪತ್ತೆರಡಾ?" ನಡುವೆ ನದಾಫ್ ಬಾಯಿ ಹಾಕಿದ. "ಅರವತ್ತೊಂದು ಇದ್ದದ್ದು ಇಪ್ಪತ್ತೆರಡಕ್ಕ ಇಳೀತೇನ್ರಿ?"

"ಅದು ಶೇಕಡಾ ಅಲ್ಲ. ಮಿಲಿಮೀಟರ್. ಕಂಬಕ್ಕೂ ನೆತ್ತಿಗೂ ನಡುವಿನ ಗಾಳಿ."



"ಹಂಗಾದ್ರ ಇವತ್ತಿನ ಅಂಕಿ ಏನಂತ ಹಾಕೂಣು?" ಎಂದು ಮೇಡಂ ಕೇಳಿದರು.

"ಒಣಗಿದ ಮ್ಯಾಲೆ ಹೇಳ್ತೀನ್ರಿ," ಎಂದಳು ಹುಲಿಗೆವ್ವ.